ಬಾಣಂತಿ ಅಕ್ಕ ಕೇಳಿದ ಹಾಡುಗಳು

ಲೋಬಾನದ ಹೊಗೆ ಮೂಗಿಗೆ ಹೊಡೆದಾಗ ಪಕ್ಕದ ಮನೆಯ ಅಕ್ಕ ನೆನಪಾದಳು. ತಂಬ್ರಹಳ್ಳಿಯ ತವರಿಗೆ ಬಾಣಂತನಕ್ಕೆಂದು ಬಂದು ನನಗಿದು ಎರಡನೇ ತಿಂಗಳು. ಕಿಟಕಿಗೆ ಗೋಣಿತಟ್ಟು, ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಪುಟ್ಟಿ, ಕಿವಿಯಲ್ಲಿ ಹತ್ತಿ, ಅದರ ಮೇಲೆ ಬಿಗಿದು ಕಟ್ಟಿದ ಸ್ಕಾರ್ಫು. ಗಾಳಿ ಹೊಕ್ಕರೆ ಜೀವಮಾನವೆಲ್ಲ ತಲೆನೋವಂತೆ. ನಾನು ಹತ್ತಿ ಕಿತ್ತು ಇಯರ್‌ಫೋನ್ ತುರುಕಿಕೊಂಡು, ನನ್ನ ಮೆಚ್ಚಿನ ರಾಕ್ ಬ್ಯಾಂಡಿನ ಹೊಸ ಆಲ್ಬಂ ಕೇಳುತ್ತಿದ್ದೆ. ಈ ಕಳ್ಳತನವನ್ನು ಹಿಂದೆ ಆ ಅಕ್ಕನಿಗೆ ಕಲಿಸಿದವಳೂ ನಾನೇ...

ಆಗ ನಾನು ಪಿಯುಸಿ. ಅಕ್ಕ ಹಿರೇಹಡಗಲಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳಿಗೂ ಇಂಥದೇ ಕತ್ತಲೆ ಕೋಣೆ. ಸಂಜೆ ಕೂಸು ನೋಡುವ ನೆಪದಲ್ಲಿ ಹೋಗಿ, ಅಣ್ಣನ ಹಳೇ ಫೋನನ್ನು ಅವಳ ಕೌದಿಯೊಳಗೆ ಸರಿಸಿ, ಇದೇ ಬ್ಯಾಂಡಿನ ಮೊದಲ ಆಲ್ಬಂ ಹಚ್ಚುತ್ತಿದ್ದೆ. ವೈರು ಸ್ಕಾರ್ಫಿನೊಳಗೆ ಮಾಯ. ಡ್ರಮ್ಮಿನ ಹೊಡೆತಕ್ಕೆ ಅವಳ ಕಾಲು ಕುಣಿದರೆ, ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವಳ ಅವ್ವ ಮಗಳಿಗೆ ಚಳಿ ಹತ್ತಿತೆಂದು ಪುಟ್ಟಿಗೆ ಇನ್ನಷ್ಟು ಕೆಂಡ ಸುರಿಯುತ್ತಿದ್ದಳು. ಅಕ್ಕ ಬೆವರುತ್ತಲೇ ನಗುತ್ತಿದ್ದಳು.

ಬಾಗಿಲು ಒದೆ, ಹೊರಗೆ ಬಾ ಎಂದು ಗಾಯಕ ಗಂಟಲು ಹರಿದುಕೊಳ್ಳುವ ಹಾಡೊಂದಿತ್ತು. ನನಗಂತೂ ಅದರ ಹುಚ್ಚು. ಅಕ್ಕ ನಾಲ್ಕೈದು ಸಲ ಕೇಳಿ ಇಯರ್‌ಫೋನ್ ಕಿತ್ತಳು.

“ಒದಿ ಒದಿ ಅಂತಾನ. ಒದ್ದು ಎಲ್ಲಿಗಿ ಹೋಗ್ಬೇಕು ಅಂತ ಒಂದ್ ಸಾಲಾದ್ರೂ ಐತೇನು ಇದ್ರಾಗ?”

ಸಾಹಿತ್ಯ ಬಿಡು, ಗಿಟಾರು ಕೇಳು ಅಕ್ಕಾ ಎಂದೆ. ಎಂಥ ಪೆದ್ದಿ ನಾನು.

ಅವಳ ಅವ್ವ ನೀರಿಗೆ ಹೋದ ಒಂದು ಸಂಜೆ ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು.

“ನಿಮ್ಮಪ್ಪಗ ಹೇಳು ತಂಗಿ. ನಾ ಹಿರೇಹಡಗಲಿಗಿ ಹೋಗಂಗಿಲ್ಲ. ಅವ ಬಡಿತಾನ. ನಿಮ್ಮಪ್ಪ ಹೇಳಿದ್ರ ನಮ್ಮನ್ಯಾಗ ಕೇಳ್ತಾರ.”

ಆ ಸಂಬಂಧ ಕುದುರಿಸಿದ್ದೇ ಅಪ್ಪ. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಊಟಕ್ಕೆ ಕೂತಾಗ ಮಾತು ನಾಲಿಗೆ ತುದಿಗೆ ಬರುತ್ತಿತ್ತು, ಅಪ್ಪನ ಮುಖ ನೋಡಿ ನುಂಗುತ್ತಿದ್ದೆ. ಬಾಣಂತಿಗೆ ಫೋನು ಕೊಟ್ಟದ್ದೂ ಹೊರಬಿದ್ದು ನನ್ನ ಕಾಲೇಜು ಬಿಡಿಸಿಯಾರು ಎಂಬ ಹೆದರಿಕೆ. ಅಕ್ಕ ದಿನಾ ಕಣ್ಣಲ್ಲೇ ಕೇಳುತ್ತಿದ್ದಳು, ನಾನು ಇನ್ನೊಂದು ಹಾಡು ಹಚ್ಚುತ್ತಿದ್ದೆ...

ಐದನೇ ತಿಂಗಳಿಗೆ ತೊಟ್ಟಿಲ ಸಮೇತ ಕಳಿಸಿದರು. ಟಂಟಂ ಆಟೋ ಹತ್ತುವಾಗ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಹಬ್ಬಕ್ಕೂ ತವರಿಗೆ ಬಂದಿಲ್ಲ. ಗಂಡನ ಮನೆಯವರು ಕಳಿಸುವುದಿಲ್ಲವಂತೆ.

ಹೊಸ ಆಲ್ಬಂನಲ್ಲಿ ಆ ಗಾಯಕ ತಣ್ಣಗಾಗಿದ್ದಾನೆ. ಮನೆಗೆ ಮರಳಿ ಬಾ, ದೀಪ ಹಚ್ಚಿಟ್ಟಿದ್ದೇನೆ ಎಂದು ಮೆಲ್ಲಗೆ ಹಾಡುತ್ತಾನೆ. ಕೇಳಿದವರೆಲ್ಲ ಕಣ್ಣೀರು ಬಂತು ಎಂದು ಕಾಮೆಂಟು ಹಾಕಿದ್ದಾರೆ. ನನಗೆ ಬಂದದ್ದು ಸಿಟ್ಟು. ಅಕ್ಕ ಬದುಕಿದ್ದಾಳೆ, ಆದರೂ ನಾನು ಅವಳನ್ನು ಕಳೆದುಕೊಂಡೆ. ಅವಳನ್ನು ಕಳಿಸಿದವರಲ್ಲಿ ನಾನೂ ಒಬ್ಬಳು.

ಅವಳ ಅವ್ವ ಈಗ ದಿನಾ ಬಂದು ನನ್ನ ಕೂಸಿಗೆ ನೀರೆರೆಯುತ್ತಾಳೆ. ಮಗಳ ನಂಬರು ಕೇಳಿದರೆ ಕೊಟ್ಟಾಳು. ಇವತ್ತೂ ಕೇಳಲಿಲ್ಲ. ಕೇಳಿದರೆ ಹೇಗಿದ್ದಾಳೆ ಎಂದೂ ಕೇಳಬೇಕಾಗುತ್ತದೆ. ಅವ್ವ ನಿಜ ಹೇಳಿಬಿಟ್ಟರೆ ನಾನು ಎದ್ದು ಹೋಗಿ ಅಪ್ಪನ ಮುಂದೆ ನಿಲ್ಲಬೇಕಾಗುತ್ತದೆ. ಅಪ್ಪ ಇಲ್ಲೇ, ಪಡಸಾಲೆಯಲ್ಲೇ ಕೂತಿದ್ದಾರೆ.