ಪಟ್ಟಿಯಿಂದ ಬಿದ್ದ ಎರಡು ಮನೆ

ಬೀದರಿನ ನೀರು ಸರಬರಾಜು ಆಫೀಸಿನಲ್ಲಿ ಪಟ್ಟಿಗಳನ್ನು ತಾಳೆ ನೋಡುವ ರಹೀಮುನ್ನಿಸಾ ನಂಬುತ್ತಿದ್ದುದು ಗಿಟ್ ಒಂದನ್ನೇ. ಫೈಲುಗಳ ಬದಲಾವಣೆ ನೆನಪಿಡುವ ಆ ತಂತ್ರಾಂಶ ಹೆಸರಿಗೆ ಮರುಳಾಗದೆ ಒಳಗಿನ ಸಾಲುಗಳನ್ನು ಹೋಲಿಸುತ್ತದೆ.

ಆ ವರ್ಷದ ಬರಗಾಲದಲ್ಲಿ ಟ್ಯಾಂಕರ್ ನೀರಿನ ಪಟ್ಟಿ ಬರೆಯುವ ಕಾಶೀರಾಮ, ಔರಾದ ಕಡೆಯ ವಾಡಿ ಎಂಬ ಪುಟ್ಟ ಹಳ್ಳಿಯೊಂದರ ಮನೆಗಳ ಫೈಲು ಅಳಿಸಿ, ಕಮಠಾಣದ ಇಟ್ಟಿಗೆ ಭಟ್ಟಿಯದೆಂದು ಇನ್ನೊಂದು ಸೇರಿಸಿದ. ಇದು ಹೊಸದಲ್ಲ, ಹೆಸರು ಬದಲಾದ ಹಳೆಯದೇ, ನೂರಕ್ಕೆ ತೊಂಬತ್ತಾರು ಪಾಲು ಅದೇ ಎಂದಿತು ಗಿಟ್.

"ಮನ್ಯಾಗ ಕುಂತು ನಕಲ್ ಹೊಡದೀರೇನ್ರಿ?" ಎಂದು ಅವನನ್ನು ಕೇಳಿದಳು.

"ನಡೀರಿ, ತೋರಸ್ತೇನಿ."

ಭಟ್ಟಿಯಲ್ಲಿ ಅವಳು ಹಳೆಯ ಪಟ್ಟಿಯ ಹೆಸರುಗಳನ್ನೇ ಕೂಗಿದಳು. ಐವತ್ತರಲ್ಲಿ ನಲವತ್ತೆಂಟು ಮನೆಯವರು ಓಗೊಟ್ಟರು. ಕೂಲಿಗಾಗಿ ವಾಡಿಯೇ ಇಲ್ಲಿಗೆ ಗುಳೆ ಬಂದಿತ್ತು. ಕಾಶೀರಾಮ ನಕ್ಕ.

ಅವಳು ಓಗೊಡದ ಎರಡು ಹೆಸರಿನ ಮೇಲೆ ಬೆರಳಿಟ್ಟಳು. "ಶೇವಂತಾಬಾಯಿ, ಗೋರಖನಾಥ ಎಲ್ಲಿ?"

"ಅವರು ವಾಡ್ಯಾಗೇ ಉಳದಾರ್ರಿ," ಎಂದ ಕಾಶೀರಾಮ.

"ಹಳೇ ಫೈಲ್ ಅಳಸೀರಿ. ಅವರಿಗಿ ನೀರು ಯಾರು ಕಳಸ್ಲತ್ತಾರ್ರಿ?"