ಕರಿಕೋಳಿಯ ಗಾಯ, ಪಾರಿಸನ ಊಟ

ಶಿರಗುಪ್ಪಿಯ ಪಾರಿಸ ಡಾಕ್ಟರಲ್ಲ. ಸರಕಾರಿ ದನದ ದವಾಖಾನೆಗಳಲ್ಲಿ ಮೂವತ್ತೆರಡು ವರ್ಷ, ಡಾಕ್ಟರು ಎಮ್ಮೆಯ ಒಂದು ತುದಿಗೆ ಸೂಜಿ ಚುಚ್ಚುವಾಗ ಇನ್ನೊಂದು ತುದಿಯಲ್ಲಿ ನಿಂತು ಒದೆ ತಿಂದವನು. ಖಾಕಿ ಅಂಗಿ ತೊಟ್ಟಿರುವವರೆಗೆ ಊರು ಅವನನ್ನೂ ಡಾಕ್ಟರ ಎಂದೇ ಕರೆಯುತ್ತಿತ್ತು. ನಿವೃತ್ತಿಯಾದ ಮರುದಿನ ಬರೀ ಪಾರಿಸನಾದ. ಹಾಗಾಗಿ ಆ ಸಂಜೆ ಹಿತ್ತಲ ಗೋಡೆಯ ಆಚೆಯಿಂದ, "ಡಾಕ್ಟರ್ ಸಾಬ, ಲಗೂನ ಬರ್ರಿ!" ಎಂದು ಶಹಜಾದಬಿ ಕೂಗಿದಾಗ ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ಅವನನ್ನು ಹಿಡಿಯಲು ಬಲೆ ಬೇಕಿರಲಿಲ್ಲ, ಆ ಎರಡು ಶಬ್ದ ಸಾಕಿತ್ತು.

ಶಹಜಾದಬಿ ಗಂಡ ತೀರಿಕೊಂಡ ಮೇಲೆ ಕಬ್ಬಿನ ಕಳೆ ತೆಗೆಯಲು ಹೋಗುವ ಹೆಂಗಸು. ಬೆಳಿಗ್ಗೆ ಮನೆಗೆ ಬೀಗ ಹಾಕಿದರೆ ತೆರೆಯುವುದು ಸಂಜೆ ಐದೂವರೆಗೆ. ಅಷ್ಟರೊಳಗೆ ಅವಳ ಕರಿಕೋಳಿಯನ್ನು ಮುಂಗುಸಿ ಹಿಡಿದು, ರೆಕ್ಕೆಯ ಬುಡದಲ್ಲಿ ಕಚ್ಚಿ, ಯಾಕೋ ಬಿಟ್ಟು ಹೋಗಿತ್ತು. ಉಳಿದ ಕೋಳಿಗಳು ಸುತ್ತ ನೆರೆದು ಆ ಗಾಯವನ್ನೇ ಕುಕ್ಕುತ್ತಿದ್ದವು.

"ಇದನ್ನ ಬ್ಯಾರೆ ಇಡ್ರಿ," ಎಂದ ಪಾರಿಸ. "ಕೆಂಪ ಕಂಡ್ರ ಕುಕ್ಕಿ ಕುಕ್ಕಿ ಮುಗಿಸಿಬಿಡ್ತಾವ."

"ಒಂದ ಮನ್ಯಾಗ ಬೆಳದಾವಲ್ರಿ!"

"ಅದಕ್ಕ."

"ಹಂಗಾದ್ರ ಇವು ನಮ್ಮ ಓಣ್ಯಾಗ ಹುಟ್ಟಿದ್ದು ಖರೆ ಬಿಡ್ರಿ," ಎಂದಳು ಶಹಜಾದಬಿ.

ಪಾರಿಸ ಗಾಯವನ್ನು ಉಪ್ಪುನೀರಿನಿಂದ ತೊಳೆದ. ಹಳೆಯ ಟ್ರಂಕಿನಲ್ಲಿದ್ದ ನೀಲಿ ಔಷಧ ಹಚ್ಚಿ ಕೆಂಪು ಕಾಣದಂತೆ ಮಾಡಿದ. ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕಿಸಿದ. ಎಂಟು ದಿನ ದಿನಾ ಬಂದು ನೋಡುವೆನೆಂದು, ಯಾರೂ ಕೇಳದಿದ್ದರೂ, ಮಾತು ಕೊಟ್ಟ.

ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿ ಉಜ್ವಲಾ. "ಕೋಳಿ ಮುಟ್ಟಿ ಬಂದೀರಿ. ಝಳಕ ಮಾಡಲಾರದ ಅಡಗಿಮನಿ ಹೊಸ್ತಲಾ ದಾಟಿದ್ರ ನೋಡ್ರಿ!"

ಬಿಸಿನೀರು ಕಾಯಿಸಿ ಮಿಂದು ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಚಳಿಗಾಲದ ಸೂರ್ಯನೋ ಆರು ಹೊಡೆಯುವುದರೊಳಗೆ ಕಬ್ಬಿನ ಹಿಂದೆ ಇಳಿದುಬಿಡುತ್ತಿದ್ದ. ಮರುದಿನವೂ ಅದೇ. ಐದಕ್ಕೇ ಬಡಿಸು ಎಂದರೆ, "ಎಮ್ಮಿ ಹಿಂಡೂದು ಬಿಟ್ಟು ನಿಮ್ಮ ಕೋಳಿ ಸಲುವಾಗಿ ರೊಟ್ಟಿ ಬಡೀಲೇನು?" ಎಂದಳು. ಮೂರನೆಯ ದಿನ ಬಸದಿಯಲ್ಲಿ ನಾಲ್ಕು ಜನ ಅವನಿಗೆ ಕೈಮುಗಿದರು. ಗಂಡ ಕೋಳಿಯ ಹಿಂದೆ ಬಿದ್ದಿದ್ದಾನೆ ಎನ್ನಲು ನಾಚಿ, ಒಪ್ಪತ್ತಿನ ವ್ರತ ಹಿಡಿದಿದ್ದಾನೆ ಎಂದು ಉಜ್ವಲಾ ಹೇಳಿಬಿಟ್ಟಿದ್ದಳು. ಪಾರಿಸನೂ ತಿರುಗಿ ಕೈಮುಗಿದ. ಇನ್ನೇನು ಮಾಡಿಯಾನು? ಹೊಟ್ಟೆ ಮಾತ್ರ ಅಲ್ಲೇ ಗುರುಗುಟ್ಟಿತು.

ಐದನೆಯ ದಿನ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು. ಪಾರಿಸನಿಗೆ ತನ್ನ ಕೈಗುಣದ ಬಗ್ಗೆ ತನಗೇ ಗೌರವ ಬಂತು.

"ಆರಾಮ ಆತ ನೋಡ್ರಿ ನಿಮ್ಮ ಕೋಳಿ!"

"ಅಲ್ಲಾ ನಿಮ್ಮನ್ನ ಚೊಲೋ ಇಡಲಿ," ಎಂದಳು ಶಹಜಾದಬಿ. "ಐತವಾರ ಮಿರಜದಿಂದ ನಮ್ಮ ಮಗಳು ಕಹಕಶಾನ ಅತ್ತಿಮಾವ ಬರಾಕತ್ತಾರ. ಇದನ್ನ ಬಿಟ್ರ ಮೈ ತುಂಬಿದ್ದು ಯಾವುದೂ ಇಲ್ಲ. ಗಾಯ ಆದದ್ದನ್ನ ಬೀಗರ ತಾಟಿಗೆ ಹ್ಯಾಂಗ ಹಾಕೂದು ಅಂತ ಚಿಂತಿ ಆಗಿತ್ತು."

ಪಾರಿಸನ ಕೈಯಲ್ಲಿದ್ದ ನೀಲಿ ಔಷಧದ ಬಾಟಲಿ ತಣ್ಣಗಾಯಿತು. ಇರುವೆ ಇದ್ದೀತೆಂದು ನೋಡಿ ಕಾಲಿಡುವ ಮನೆತನ. ಅಂಥವನು ಐದು ಸಂಜೆ ಉಪವಾಸ ಬಿದ್ದು ಒಂದು ಜೀವವನ್ನು ಚಾಕುವಿಗೆ ಅಣಿಮಾಡಿದ್ದ.

"ಅಂದ್ರ... ಪೂರಾ ಆರಾಮ ಆಗಿಲ್ಲ," ಎಂದ. "ಒಳಗ ಇನ್ನೂ ಹಸಿ ಐತಿ."

ಹೇಳಿದ ಕ್ಷಣವೇ, ಕೊಲ್ಲಬಾರದೆಂದ ಧರ್ಮವೇ ಸುಳ್ಳೂ ಹೇಳಬಾರದೆಂದಿರುವುದು ನೆನಪಾಯಿತು. ಆ ರಾತ್ರಿ ಖಾಲಿ ಹೊಟ್ಟೆಯಲ್ಲಿ ಲೆಕ್ಕ ಹಾಕಿದ. ಒಂದು ಸೂಜಿ ಚುಚ್ಚಿದರೆ, ಮದ್ದು ಮೈಯೊಳಗಿದೆ, ಈಗಲೇ ತಿನ್ನಬಾರದು ಎಂದು ಖರೆಯನ್ನೇ ಹೇಳಬಹುದು. ಆದರೆ ಆರಾಮಿರುವ ಕೋಳಿಗೆ ಸೂಜಿ ಚುಚ್ಚುವುದು ಹಿಂಸೆ. ಚುಚ್ಚದಿದ್ದರೆ ಸುಳ್ಳು. ಎರಡೂ ಬೇಡವೆಂದರೆ ಬೀಗರು. ಬುಟ್ಟಿಯೊಳಗೆ ಕೋಳಿಗೆ ತಿರುಗಾಡಲಾದರೂ ಒಂದಿಷ್ಟು ಜಾಗವಿತ್ತು.

ಕೊನೆಗೆ ಸುಳ್ಳನ್ನೇ ಆರಿಸಿಕೊಂಡ. ಅದಕ್ಕೆ ಶಿಕ್ಷೆ ದಿನದಿನವೂ ತಪ್ಪಿದ ಊಟದ ರೂಪದಲ್ಲಿ ಆಗುತ್ತಿತ್ತಲ್ಲ ಎಂದು ಸಮಾಧಾನ. ಹಕ್ಕಳೆ ಉದುರಿದ ಜಾಗಕ್ಕೆ ಇನ್ನಷ್ಟು ದಪ್ಪಗೆ ನೀಲಿ ಬಳಿದ. ಕೋಳಿ ಬುಟ್ಟಿಯೊಳಗೆ ತಿಂದು ತಿಂದು ದುಂಡಗಾಯಿತು. ಪಾರಿಸನ ಧೋತರದ ಗಂಟು ಎರಡು ಬೆರಳು ಒಳಗೆ ಸರಿಯಿತು.

ಶನಿವಾರ ಅವನು ಗೋಡೆಯ ಸಂದಿಯಲ್ಲಿ ನುಸುಳಿ ಬರುವುದಕ್ಕೂ ಶಹಜಾದಬಿ ಬುಟ್ಟಿ ಎತ್ತುವುದಕ್ಕೂ ಸರಿಹೋಯಿತು. ಕರಿಕೋಳಿ ಎರಡೂ ರೆಕ್ಕೆ ಬಡಿದು, ಅಂಗಳ ದಾಟಿ, ಗೋಡೆಯ ಮೇಲೆ ಹೋಗಿ ಕೂತಿತು.

"ಡಾಕ್ಟರ್ ಸಾಬ, ಹಸೀ ಗಾಯ ಎಲ್ಲಿ ಐತ್ರಿ?"

"ಒಳಗ..."

"ಯಾರ ಒಳಗ?" ಎಂದು ಶಹಜಾದಬಿ ನಕ್ಕುಬಿಟ್ಟಳು. "ನನಗ ಮೂರ ದಿನದಿಂದ ಗೊತ್ತೈತ್ರಿ. ಉಜ್ವಲಕ್ಕ ನಿಮ್ಮನ್ನ ಬೈಯೂದು ಗೋಡಿ ಈಕಡೆ ಕೇಳಸ್ತೈತಿ. ಇದರ ಸಲುವಾಗಿ ಉಪವಾಸ ಬಿದ್ದವ್ರು ಬಾಜೂ ಮನ್ಯಾಗ ಇರಬೇಕಾದ್ರ ನಾ ಹ್ಯಾಂಗ ಕೊಯ್ಯಿಸ್ಲಿ? ಕರೀದನ್ನ ಬಿಟ್ಟೀನಿ ತಗೋರಿ. ಇವತ್ತ ನೀವು ಕೋಳಿ ಮುಟ್ಟಿಲ್ಲ, ಹೊತ್ತೂ ಐತಿ. ಹೋಗಿ ಉಣ್ರಿ."

ಪಾರಿಸ ನೋಡಿದ. ಹೌದು, ಕಬ್ಬಿನ ಮೇಲೆ ಎರಡು ಬೆರಳಿನಷ್ಟು ಸೂರ್ಯ ಇನ್ನೂ ಉಳಿದಿದ್ದ. ಆಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಎಂಟು ದಿನದಲ್ಲಿ ಮೊದಲ ಸಲ ಎದೆ ತುಂಬ ಉಸಿರು ಬಿಟ್ಟು, ಗೋಡೆಯ ಸಂದಿಯಲ್ಲಿ ಒಂದು ಕಾಲು ಆಚೆ ಇಟ್ಟ. ಅಷ್ಟಕ್ಕೇ ಸುಮ್ಮನೆ ಹೋಗಬಾರದೆ? ತಿರುಗಿ ಕೇಳಿದ.

"ಮತ್ತ ಬೀಗರಿಗೆ?"

"ಹುಂಜ ಐತಲ್ರಿ."

ಬೂದಿಗುಂಡಿಯ ಮೇಲೆ ನಿಂತಿದ್ದ ಹುಂಜ ಕತ್ತು ಓರೆ ಮಾಡಿ ಪಾರಿಸನನ್ನೇ ನೋಡಿತು.

"ರೊಟ್ಟಿ ಆರಾಕತ್ತಾವ್ರಿ!" ಎಂದು ಉಜ್ವಲಾ ಕೂಗಿದಳು.

ಪಾರಿಸ ಆಚೆ ಇಟ್ಟ ಕಾಲನ್ನು ಮೆಲ್ಲಗೆ ಈಚೆಗೆ ತೆಗೆದುಕೊಂಡ.

"ಅದು ಯಾಕೋ ಎಡಗಾಲ ಎಳದಂಗ ಕಾಣಸ್ತೈತಿ," ಎಂದ. "ಹಿಡೀರಿ, ಒಂದೀಟ ನೋಡೂಣು."

ಶಹಜಾದಬಿ ಬುಟ್ಟಿ ಎತ್ತಿಕೊಂಡು ಹುಂಜದ ಕಡೆ ನಡೆದಳು.