ಕ್ಯಾಮೆರಾಕ್ಕೆ ಬೆನ್ನು ತೋರಿಸದ ಓಬಣ್ಣ

ಗೆಳೆಯರೇ, ಇವತ್ತು ಚಳ್ಳಕೆರೆಯ ಅಂಗಡಿಯಲ್ಲಿ ಕೂತೇ ನಮ್ಮ ಮೂರೂ ಗೋಡೌನ್‌ಗಳನ್ನು ಒಂದೇ ಪರದೆಯಲ್ಲಿ ನೋಡಿದೆ! ನಾನಿಲ್ಲಿ ಮಾತಾಡಿದರೆ ಅಲ್ಲಿ ಕ್ಯಾಮೆರಾನೇ ಮಾತಾಡುತ್ತದೆ!

ಪರಶುರಾಂಪುರದ ಗೋಡೌನ್ ಅಂಗಳದಲ್ಲಿ ಒಣಗಲು ಹರಡಿದ್ದ ಶೇಂಗಾಕ್ಕೆ ಕುರಿಹಿಂಡು ಬಾಯಿ ಹಾಕಿತ್ತು. "ಓಬಣ್ಣಾ!" ಎಂದು ಮೈಕಿನಲ್ಲಿ ಕೂಗಿದೆ. ಕಾವಲುಗಾರ ಓಬಣ್ಣ ಓಡಿ ಬಂದು, ಚಪ್ಪಲಿ ಬಿಟ್ಟು, ಕ್ಯಾಮೆರಾದ ಮುಂದೆ ಕೈಮುಗಿದು ನಿಂತ.

"ಹಿಂದಕ್ಕೆ ತಿರುಗಪ್ಪೋ! ಕುರಿ ಶೇಂಗಾ ತಿಂತಾ ಅವೆ!"

"ನೀವು ಮಾತಾಡುವಾಗ ಬೆನ್ನು ತಿರುಗ್ಸಾಕಾಗ್ತೈತಾ ಸಾವ್ಕಾರ್ರೆ? ಮರ್ಯಾದೆ ಬ್ಯಾಡ್ವಾ?"

ಕೊನೆಗೆ ಮೈಕ್ ಆಫ್ ಮಾಡಿದೆ. ಆಮೇಲೇ ಅವನು ಕೋಲು ಹಿಡಿದು ಕುರಿಗಳತ್ತ ಓಡಿದ್ದು.

ನಾಳೆಯೇ ಆ ಕ್ಯಾಮೆರಾವನ್ನು ಕುರಿ ನುಗ್ಗುವ ಬೇಲಿಯ ಕಂಬಕ್ಕೆ ಹಾಕಿಸುತ್ತೇನೆ. ನನಗೆ ಕೈಮುಗಿಯುವಾಗಲಾದರೂ ಅವನ ಕಣ್ಣಿಗೆ ಕುರಿ ಬೀಳಲಿ!